ಎ ಅಂಡ್ ಎಂ ಕ್ಯಾಂಪಸ್ಸಿನಲ್ಲಿ ಮತ್ತೆ ಬೆಂಕಿ ಹಚ್ಚಬೇಕಾ?

ತುಂಗೆಯ ಮೀನು: ನಾನು ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯಲ್ಲಿ ಎಂಎಸ್ ಓದುತ್ತಿದ್ದೇನೆ. ಬಂದ ವರ್ಷವೇ, 2024ರ ನವೆಂಬರ್ 30ಕ್ಕೆ, ಆಸ್ಟಿನ್ನಿನ ಟೆಕ್ಸಸ್ ಯೂನಿವರ್ಸಿಟಿ ವಿರುದ್ಧದ ಅಮೆರಿಕನ್ ಫುಟ್‌ಬಾಲ್ ಪಂದ್ಯ 13 ವರ್ಷದ ನಂತರ ಮತ್ತೆ ನಡೆಯಿತು. 17-7ಕ್ಕೆ ಸೋತೆವು, ಆ ಮಾತು ಬಿಡಿ. ಪಂದ್ಯ ಮುಗಿಯೋವರೆಗೂ ನಿಂತೇ ಇದ್ದೆ. ಇಲ್ಲಿ ವಿದ್ಯಾರ್ಥಿಗಳು ಕೂರುವ ಹಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಈ ಪಂದ್ಯಕ್ಕೆ ಮುಂಚೆ ಸಾವಿರಾರು ಮರದ ದಿಮ್ಮಿ ಜೋಡಿಸಿ ಗೋಪುರ ಕಟ್ಟಿ ಸುಡೋದು ಇಲ್ಲಿನ ಹಳೇ ಪದ್ಧತಿ. ಬಾನ್‌ಫೈರ್ ಅಂತಾರೆ. 1999ರ ನವೆಂಬರ್ 18ರ ಬೆಳಗಿನ ಜಾವ ಅದು ಕಟ್ಟುತ್ತಿರುವಾಗಲೇ ಕುಸಿಯಿತು. 12 ಜನ ಸತ್ತರು, 27 ಜನರಿಗೆ ಗಾಯ. ಅಲ್ಲಿಂದ ಕ್ಯಾಂಪಸ್ಸಿನಲ್ಲಿ ನಿಂತಿದೆ. ಪಂದ್ಯ ಮತ್ತೆ ಶುರುವಾಗುತ್ತೆ ಅಂದಾಗ ಬಾನ್‌ಫೈರ್ ಮಾತೂ ಎದ್ದಿತು. 2024ರ ಜೂನ್‌ನಲ್ಲಿ ಆಗಿನ ಅಧ್ಯಕ್ಷ ಮಾರ್ಕ್ ವೆಲ್ಷ್ ಬೇಡ ಅಂದರು. ನನಗೇನೋ ಅದು ಬರಬೇಕಿತ್ತು ಅನ್ನಿಸುತ್ತೆ. ನೀವೇನಂತೀರಿ?

ಕಂಬಿ ಕಟ್ಟೋನು: ತಮ್ಮಾ, ನಾನು ಸ್ಟ್ರಕ್ಚರಲ್ ಇಂಜಿನಿಯರ್. ವೆಲ್ಷ್ ಹೇಳಿದ್ದೇ ಸರಿ ಅಂತ ಮೊದಲೇ ಹೇಳಿಬಿಡುತ್ತೇನೆ.

ಅದು ಹೇಗಿತ್ತು ನೋಡು. ನಡುವೆ ಒಂದು ಉದ್ದನೆಯ ಕಂಬ. ಸುತ್ತ ನಿಲ್ಲಿಸಿದ ದಿಮ್ಮಿಗಳ ಒಂದು ಅಂತಸ್ತು, ಅದರ ಮೇಲೆ ಇನ್ನೊಂದು, ಹೀಗೆ ಅಂತಸ್ತು ಕೇಕಿನ ಥರ. ಸುಮಾರು 5000 ದಿಮ್ಮಿ, ತೂಕ 20 ಲಕ್ಷ ಪೌಂಡಿಗೂ ಜಾಸ್ತಿ. ತನಿಖಾ ಆಯೋಗ 2000ದ ಮೇನಲ್ಲಿ ವರದಿ ಕೊಟ್ಟಿತು. ಎರಡನೇ ಅಂತಸ್ತಿನ ದಿಮ್ಮಿಗಳನ್ನು ಮೊದಲನೆಯದರ ಸಂದಿಗೆ ಬಲವಾಗಿ ತುರುಕಿದ್ದರು. ಬೆಣೆ ಹೊಡೆದ ಹಾಗಾಯಿತು. ಕೆಳಗಿನ ದಿಮ್ಮಿಗಳು ಹೊರಕ್ಕೆ ತಳ್ಳಿಕೊಂಡವು. ಸುತ್ತ ಬಿಗಿದ ತಂತಿಗೆ ಅದನ್ನು ತಡೆಯೋ ಶಕ್ತಿ ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಕೆಳ ಅಂತಸ್ತಿಗೆ ಸುತ್ತುತ್ತಿದ್ದ ಉಕ್ಕಿನ ಕೇಬಲ್ಲು ಆ ವರ್ಷ ಇರಲಿಲ್ಲ.

ಅಷ್ಟು ದೊಡ್ಡ ಇಂಜಿನಿಯರಿಂಗ್ ಕಾಲೇಜು ಇರೋ ಊರು. ಆದರೂ ನಕ್ಷೆಗೆ ಒಬ್ಬ ಇಂಜಿನಿಯರ್ ಸಹಿ ಇಲ್ಲ. ಸೀನಿಯರ್ ಹುಡುಗರು ಜೂನಿಯರ್‌ಗಳಿಗೆ ಬಾಯಿಮಾತಲ್ಲಿ ಕಲಿಸಿದ್ದಷ್ಟೇ ವಿದ್ಯೆ. 1957ರಲ್ಲಿ ಬಿದ್ದಿತ್ತು. 1994ರಲ್ಲಿ ಮಳೆಗೆ ನೆಲ ಮೆತ್ತಗಾಗಿ ವಾಲಿತ್ತು, ಒಂದು ವಾರದಲ್ಲಿ ಮತ್ತೆ ಕಟ್ಟಿ ಸುಟ್ಟರು. ಅದನ್ನು ಛಲ ಅಂತ ಹೊಗಳಿಕೊಂಡರೇ ಹೊರತು ಎಚ್ಚರಿಕೆ ಅಂತ ಯಾರೂ ಓದಿಕೊಳ್ಳಲಿಲ್ಲ.

ಆಸ್ಟಿನ್ ಅಣ್ಣ: ನಾನು ಎದುರು ಪಾರ್ಟಿ, ಟೆಕ್ಸಸ್ ಯೂನಿವರ್ಸಿಟಿ ಕಡೆಯವನು, ಲಾಂಗ್‌ಹಾರ್ನ್ ಅಂತಾರೆ ನಮ್ಮನ್ನ. ಅವರ ಗೋಪುರದ ತುದಿಯಲ್ಲಿ ಏನಿಡುತ್ತಿದ್ದರು ಗೊತ್ತಾ? ಒಂದು ಕಕ್ಕಸಿನ ಗೂಡು. ಅದು ನಾವಂತೆ! ನಮ್ಮನ್ನು ಸುಡೋಕೆ ತಿಂಗಳುಗಟ್ಟಲೆ ಮರ ಕಡಿಯೋ ಜನರ ಜೊತೆ ಏನು ವಾದ ಮಾಡೋದು ಮಾರಾಯಾ.

2011ರ ಕೊನೇ ಪಂದ್ಯಕ್ಕೆ ಅವರ ಸ್ಟೇಡಿಯಂ ಕೈಲ್ ಫೀಲ್ಡ್‌ಗೆ ಹೋಗಿದ್ದೆ. ಕೊನೇ ಕಿಕ್‌ನಲ್ಲಿ 27-25ಕ್ಕೆ ಗೆದ್ದೆವು. ಸುಮ್ನೆ ನೆನಪಿಸಿದೆ ಅಷ್ಟೇ 😄

ತುಂಗೆಯ ಮೀನು: ಅಣ್ಣಾ, ಆಮೇಲೆ 13 ವರ್ಷ ಅದೊಂದನ್ನೇ ಹೇಳಿಕೊಂಡು ಬದುಕಿದಿರಿ.

ಹುಬ್ಬಳ್ಳಿ ಮಂದಿ: ನಮ್ಮ ಕಡೆ ಕಾಮಣ್ಣನ ಸುಡೋದು ಇದೇ ಅಲ್ಲೇನ್ರೀ! ಸಣ್ಣವರಿದ್ದಾಗ ಓಣಿಯೊಳಗ ಯಾರ ಮನೀ ಕಟ್ಟಿಗೀನೂ ಬಿಡ್ತಿರಲಿಲ್ಲ. ಹಳೇ ಬಾಗಿಲು, ಮುರಕ ಮಂಚ, ಬೇಲಿ, ಎಲ್ಲಾ ಎತ್ತಿಕೊಂಡು ಹೋಗೋದು. ಕದ್ದ ಕಟ್ಟಿಗೀನೇ ಇರಬೇಕು, ಅದರಾಗ ಮಜಾ. ಈಗ ಕಮಿಟಿಯವರು ಪಟ್ಟಿ ಎತ್ತಿ ಅಡ್ಡೆಯಿಂದ ಕಟ್ಟಿಗೆ ತರಿಸ್ತಾರ. ಸುಟ್ಟರ ಕಾಮಣ್ಣನೇ, ಆದರ ನಿದ್ದಿ ಬಿಟ್ಟು ಬರೋ ಹುಡುಗರು ಇಲ್ಲ.

ತುಂಗೆಯ ಮೀನು: ಸರ್, ಇಲ್ಲೂ ಹಾಗೇ ಶುರುವಾಗಿದ್ದು! ಮೊದಮೊದಲು ಕಸಕಡ್ಡಿ, ಕದ್ದ ಹಲಗೆ. 1935ರಲ್ಲಿ ಒಬ್ಬ ರೈತನ ಇಡೀ ಕೊಟ್ಟಿಗೆಯನ್ನೇ ಹೊತ್ತುಕೊಂಡು ಬಂದುಬಿಟ್ಟರು. ಮರುವರ್ಷ ಯೂನಿವರ್ಸಿಟಿಯೇ ಕೊಡಲಿ, ಗರಗಸ, ಗಾಡಿ ಕೊಟ್ಟು ಮರ ತೋರಿಸಿತು. ಕಳ್ಳತನಕ್ಕಿಂತ ಅದೇ ವಾಸಿ ಅಂತ.

ಕಂಬಿ ಕಟ್ಟೋನು: ಎಡವಿದ್ದು ಅಲ್ಲೇ. ಕೊಟ್ಟಿಗೆ ಹಲಗೆಯ ರಾಶಿ ಕುಸಿದರೆ ಯಾರೂ ಸಾಯಲ್ಲ. ಕೊಡಲಿ ಸಿಕ್ಕ ಮೇಲೆ ಎತ್ತರದ ಹುಚ್ಚು ಹಿಡಿಯಿತು. 1969ರಲ್ಲಿ 109 ಅಡಿ ಮುಟ್ಟಿಸಿದರು! ಆಮೇಲೆ 55 ಅಡಿ ಮೀರಬಾರದು ಅಂತ ನಿಯಮ ಬಂತು. 1999ರದ್ದು ಅದನ್ನೂ ದಾಟಿತ್ತು.

ಹ್ಯೂಸ್ಟನ್ ಅಮ್ಮ: ನಾನು ಸಾಮಾನ್ಯವಾಗಿ ಇಲ್ಲಿ ಬರೆಯಲ್ಲ, ಓದಿಕೊಂಡು ಹೋಗುತ್ತೇನೆ. ನನ್ನ ಮಗಳು ಅಲ್ಲಿ ಎರಡನೇ ವರ್ಷ. ಫೋನ್ ಎತ್ತಿದರೆ "ಹೌಡಿ" ಅನ್ನುತ್ತಾಳೆ, ಅಲ್ಲಿನ ನಮಸ್ಕಾರವಂತೆ. ರೆವೆಲಿ ಅಂತ ಯೂನಿವರ್ಸಿಟಿಯದೇ ಒಂದು ಕೋಲಿ ಜಾತಿಯ ನಾಯಿ ಇದೆಯಂತೆ, ಅದು ಕ್ಲಾಸಲ್ಲಿ ಬೊಗಳಿದರೆ ಪಾಠ ಬಂದ್ ಅಂತ ಸಂಪ್ರದಾಯವಂತೆ. ಸತ್ತ ರೆವೆಲಿಗಳ ಸಮಾಧಿ ಸ್ಟೇಡಿಯಂ ಹೊರಗೆ, ಅವಕ್ಕೂ ಸ್ಕೋರ್ ಕಾಣಲಿ ಅಂತ ಎದುರಿಗೆ ಬೋರ್ಡು! ಇದೆಲ್ಲ ಕೇಳಿ ನಕ್ಕಿದ್ದೇನೆ. ಆದರೆ ಕಳೆದ ವಾರ "ಅಮ್ಮಾ, ಶನಿವಾರ ಕಟ್‌ಗೆ ಹೋಗ್ತೀನಿ" ಅಂದಳು. ಅಂದರೆ ಕೊಡಲಿ ಹಿಡಿದು ಮರ ಕಡಿಯೋಕೆ. ಕ್ಯಾಂಪಸ್ ಹೊರಗೆ ಹುಡುಗರೇ ನಡೆಸುವ ಬಾನ್‌ಫೈರ್ ಇದೆಯಂತೆ. ಅದು ನಿಂತು ಹೋಗಿತ್ತಲ್ವಾ?

ತುಂಗೆಯ ಮೀನು: ಆಂಟಿ, ಕ್ಯಾಂಪಸ್ಸಿನಲ್ಲಿ ನಿಂತಿದೆ. ಹೊರಗೆ ವಿದ್ಯಾರ್ಥಿಗಳು ಬೇರೆಯಾಗಿ ನಡೆಸುತ್ತಾರೆ, ಯೂನಿವರ್ಸಿಟಿಗೆ ಸಂಬಂಧವಿಲ್ಲ. ಅಂತಸ್ತು ಮೇಲೆ ಅಂತಸ್ತು ಇಲ್ಲ, ಪ್ರತಿ ದಿಮ್ಮಿಯೂ ನೆಲ ಮುಟ್ಟಲೇಬೇಕು. ನಾನೂ ಒಂದು ಕಟ್‌ಗೆ ಹೋಗಿದ್ದೆ. ಹೆಲ್ಮೆಟ್ ಹಾಕಿಸಿ ಮೊದಲು ಕೊಡಲಿ ಹಿಡಿಯೋದು ಕಲಿಸಿದರು. ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ. ಒಂದು ದಿಮ್ಮಿಗೆ ಹನ್ನೆರಡು ಜನ ಹೆಗಲು ಕೊಟ್ಟೆವು. ಎಡಗಡೆ ಇದ್ದವನ ಹೆಸರು ಇವತ್ತಿಗೂ ಗೊತ್ತಿಲ್ಲ, ಆದರೆ ಅವನು ಜಾರಿದಾಗ ನನ್ನ ಹೆಗಲಿಗೆ ಗೊತ್ತಾಯಿತು. ಬಂದು ಮೂರು ತಿಂಗಳಾಗಿದ್ದರೂ ಲ್ಯಾಬ್ ಬಿಟ್ಟರೆ ಯಾರ ಜೊತೆಯೂ ಮಾತಾಡಿರದ ನನಗೆ ಅವತ್ತು ಈ ಊರು ನನ್ನದು ಅನ್ನಿಸಿತು. ಅದಕ್ಕೇ ಕ್ಯಾಂಪಸ್ಸಿಗೆ ಬರಲಿ ಅಂದಿದ್ದು. ಯೂನಿವರ್ಸಿಟಿ ಇಂಜಿನಿಯರ್‌ಗಳ ಕಣ್ಣ ಮುಂದೆ ನಡೆದರೆ ಒಳ್ಳೇದಲ್ವಾ?

ಕಂಬಿ ಕಟ್ಟೋನು: ಆ ಮಾತೂ ಬಂದಿತ್ತು. ಇಂಜಿನಿಯರ್ ನಕ್ಷೆ ಮಾಡೋದು, ಕಂಟ್ರಾಕ್ಟರ್ ಕಟ್ಟೋದು. ನೀನೇ ಹೇಳು, ಕಂಟ್ರಾಕ್ಟರ್ ಕಟ್ಟಿದ್ದಕ್ಕೆ ಬೆಂಕಿ ಇಟ್ಟರೆ ನಿನ್ನ ಅಂಗೈ ಬೊಬ್ಬೆ ಎಲ್ಲಿಂದ ಬರುತ್ತೆ? ಹುಬ್ಬಳ್ಳಿಯವರು ಹೇಳಿದ ಕಮಿಟಿ ಕಾಮಣ್ಣ ಆಗುತ್ತೆ. ಹುಡುಗರೇ ಕಟ್ಟಲಿ ಅಂದರೆ ರಾತ್ರಿ ಎರಡೂವರೆಗೆ ಓದಿ ನಿದ್ದೆಗೆಟ್ಟವರನ್ನು ಮತ್ತೆ ಅಷ್ಟೆತ್ತರಕ್ಕೆ ಹತ್ತಿಸಬೇಕು. ಅವತ್ತು ಸುಮಾರು 58 ಜನ ಅದರ ಮೇಲಿದ್ದರು.

ಸುಮ್ನೆ ಓದುಗ: ನಡುವೆ ಒಂದು ಮಾತು. 2023ರಲ್ಲಿ ಕೋಚ್ ಜಿಂಬೋ ಫಿಶರ್‌ನ ತೆಗೆಯೋಕೆ ಇದೇ ಯೂನಿವರ್ಸಿಟಿ 7.6 ಕೋಟಿ ಡಾಲರ್ ಆಸುಪಾಸು ಕೊಡಲು ಒಪ್ಪಿತು. ಕೆಲಸ ಬಿಡೋಕೆ! ನಮ್ಮ ಕಂಪನಿಯವರು ಒಂದು ಕೇಕ್ ಕತ್ತರಿಸಿ ಕಳಿಸಿದರು. ಅಷ್ಟು ದುಡ್ಡಿರೋರಿಗೆ ಒಂದು ಬೆಂಕಿ ಭಾರವಾ?

ಕಂಬಿ ಕಟ್ಟೋನು: ಇದು ದುಡ್ಡಿನ ಪ್ರಶ್ನೆ ಅಲ್ಲ ಸ್ವಾಮಿ.

ಆಸ್ಟಿನ್ ಅಣ್ಣ: ಮೊದಲು ತಮಾಷೆ ಮಾಡಿದೆ, ಈಗ ಸೀರಿಯಸ್ಸಾಗಿ ಒಂದು ಮಾತು. ಬಾನ್‌ಫೈರ್ ಕುಸಿದ ಎಂಟನೇ ದಿನ, ನವೆಂಬರ್ 26ಕ್ಕೆ, ಪಂದ್ಯ ನಡೆಯಿತು. ನಾನಿನ್ನೂ ಅಮೆರಿಕಕ್ಕೆ ಬಂದಿರಲಿಲ್ಲ, ಆಮೇಲೆ ವಿಡಿಯೋ ನೋಡಿದೆ. ಹಾಫ್‌ಟೈಮಿನಲ್ಲಿ ನಮ್ಮ ಲಾಂಗ್‌ಹಾರ್ನ್ ಬ್ಯಾಂಡ್ ಮೈದಾನಕ್ಕೆ ಬಂದು ಟ್ಯಾಪ್ಸ್ ಊದಿತು, ಸೈನಿಕರ ಅಂತ್ಯಕ್ರಿಯೆಗೆ ಊದುತ್ತಾರಲ್ಲ, ಅದು. ಎಲ್ಲರೂ ಟೋಪಿ ತೆಗೆದರು. ಅಷ್ಟು ಜನರಿರುವ ಸ್ಟೇಡಿಯಂ ಗಪ್‌ಚುಪ್. ಅವತ್ತು ಅವರು 20-16ಕ್ಕೆ ಗೆದ್ದರು. ಆ ಸೋಲಿನ ಬಗ್ಗೆ ನಮ್ಮವರು ಒಬ್ಬರೂ ಗೊಣಗಿದ್ದು ನಾನು ಕೇಳಿಲ್ಲ.

ನಮಗೆ ಮಾಡಿಟ್ಟ ಬೆಂಕಿ, ಆದರೂ ಬೇಡ ಅನ್ನೋ ಹಕ್ಕು ನನಗಿಲ್ಲ. ಸತ್ತವರ ಮನೆಯವರಿಗಿದೆ.

ತುಂಗೆಯ ಮೀನು: ಮನೆಯವರಲ್ಲೂ ಎಲ್ಲರದೂ ಒಂದೇ ಮಾತು ಇರುತ್ತೆ ಅಂತ ಹೇಗೆ ಹೇಳೋದು ಅಣ್ಣಾ.

ಹನ್ನೆರಡನೇ ಆಟಗಾರನ ಕಥೆ ಇದೆಯಲ್ಲ, 1922ರದ್ದು. ತಂಡದವರು ಒಬ್ಬೊಬ್ಬರಾಗಿ ಗಾಯವಾಗಿ ಬೀಳುತ್ತಿದ್ದರು. ಪತ್ರಕರ್ತರ ಜೊತೆ ಮೇಲೆ ಕೂತಿದ್ದ ಕಿಂಗ್ ಗಿಲ್ ಅನ್ನೋ ವಿದ್ಯಾರ್ಥಿಯನ್ನು ಕೋಚ್ ಕೆಳಗೆ ಕರೆದರು. ಅವನು ಗಾಯಾಳುವಿನ ಬಟ್ಟೆ ಹಾಕಿಕೊಂಡು ಬದಿಯಲ್ಲಿ ನಿಂತ. ಆಡಲೇ ಇಲ್ಲ, ತಂಡ ಗೆದ್ದಿತು. ನಾವೆಲ್ಲ ಪಂದ್ಯವಿಡೀ ನಿಲ್ಲೋದು ಅವನಿಗಾಗಿ. ಅದಕ್ಕೆ ಮರವೂ ಬೇಡ, ಬೆಂಕಿಯೂ ಬೇಡ, ಒಪ್ಪುತ್ತೇನೆ. ಆದರೆ ನಿಲ್ಲೋದು ಬೇರೆ, ಹೆಗಲು ಕೊಡೋದು ಬೇರೆ. ಇಷ್ಟು ಹೇಳಿದ ಮೇಲೂ ನನಗೆ ಬೇಕು ಅಂತಲೇ ಅನ್ನಿಸುತ್ತೆ. ಬೈಕೊಳ್ಳಿ.

ಕಂಬಿ ಕಟ್ಟೋನು: ಬೈಯಲ್ಲ. ನಿನ್ನ ವಯಸ್ಸಲ್ಲಿ ನಾನೂ ಹತ್ತುತ್ತಿದ್ದೆ. ಅದಕ್ಕೇ ಹೆದರಿಕೆ.

ಹ್ಯೂಸ್ಟನ್ ಅಮ್ಮ: ಮಗಳ ಜೊತೆ ಮಾತಾಡಿದೆ. ಕಟ್‌ಗೆ ಹೋಗಲಿ, ಗೋಪುರ ಹತ್ತೋದು ಬೇಡ ಅಂದೆ. ಒಂದು ಷರತ್ತು ಹಾಕಿದೆ, ಮೊದಲು ಅಲ್ಲಿ ಸತ್ತವರ ಸ್ಮಾರಕ ನೋಡಬೇಕು. "ಅಮ್ಮಾ, ನೋಡಿದ್ದೀನಿ" ಅಂದಳು. ಗೋಪುರ ನಿಂತಿದ್ದ ಜಾಗದಲ್ಲೇ ದೊಡ್ಡ ಕಲ್ಲಿನ ವೃತ್ತ, ಅದರಲ್ಲಿ ಹನ್ನೆರಡು ಬಾಗಿಲು, ಒಂದೊಂದೂ ಸತ್ತ ಒಬ್ಬೊಬ್ಬರ ಊರಿನ ದಿಕ್ಕಿಗೆ ಮುಖ ಮಾಡಿದೆಯಂತೆ. ನನಗೆ ಗೊತ್ತಿರಲಿಲ್ಲ. ನವೆಂಬರ್ 18ರ ಸ್ಮರಣೆಗೆ ನಾನೂ ಬರುತ್ತೇನೆ ಅಂದಿದ್ದೇನೆ. ಎಷ್ಟು ಗಂಟೆಗೆ ಸೇರುತ್ತಾರೆ?

ತುಂಗೆಯ ಮೀನು: ಬೆಳಗಿನ ಜಾವ 2:42ಕ್ಕೆ ಆಂಟಿ, ಕುಸಿದ ಹೊತ್ತಿಗೆ. ಎರಡು ಗಂಟೆಗೇ ಬಂದುಬಿಡಿ, ಪಾರ್ಕಿಂಗ್ ದೂರ. ಬಯಲು ಜಾಗ, ಗಾಳಿ ಜಾಸ್ತಿ. ಸ್ವೆಟರ್ ತನ್ನಿ.