ಸೈಕಲ್ಲಿನ ‘ಓವರಾಯ್ಲಿಂಗ್’, ಚೈನಿನ ‘ಕಿಟ್ಟ’: ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಎರಡು ಮಾತಿನ ಬಗ್ಗೆ ಕೇಳಬೇಕಿದೆ, ಎರಡೂ ಸೈಕಲ್ ಶಾಪಿನವು.

ನಮ್ಮ ಮನೆ ವಿನೋಬನಗರದಲ್ಲಿ. ಮಂಡಿಪೇಟೆಗೆ ಕೆಲಸಕ್ಕೆ ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ಭಾನುವಾರ ಬಿಡುವಾದರೆ ಕೊಂಡಜ್ಜಿ ಕಡೆಗೆ ಒಂದು ಸುತ್ತು. ಮನೆ ಹತ್ತಿರದ ಸೈಕಲ್ ಶಾಪಿನ ಗೋಡೆ ಮೇಲೆ ನೀಲಿ ಪೇಂಟಿನಲ್ಲಿ ‘ಇಲ್ಲಿ ಸೈಕಲ್ ಓವರ್ ಆಯಿಲಿಂಗ್ ಮಾಡಿಕೊಡಲಾಗುವುದು’ ಅಂತ ಬರೆದಿದೆ. ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ, ಬಾಯಲ್ಲೂ ಎಲ್ಲರೂ ಹಾಗೇ ಅನ್ನುವುದು. ಈ ಸಲ ಮಳೆಗಾಲ ಹಿಡಿಯುವ ಮುಂಚೆ ಒಂಬತ್ತನೇ ಕ್ಲಾಸಿನ ಮಗಳು ತನ್ನ ಸೈಕಲ್ಲಿಗೆ ತಾನೇ ಓವರಾಯ್ಲಿಂಗ್ ಮಾಡ್ತೀನಿ ಅಂತ ಹೊಲಿಗೆ ಮಷಿನ್ ಎಣ್ಣೆಯ ಬಾಟಲಿ ತಗೊಂಡು ಅಂಗಳದಲ್ಲಿ ಕೂತಳು. ಚೈನಿಗೆ, ಫ್ರೀವೀಲಿಗೆ, ಗಾಲಿ ನಡುವಿನ ಹಬ್ಬಿಗೆ, ಪೆಡಲಿಗೆ ಹಾಕುತ್ತಾ ಹೋಗಿ ಇಡೀ ಬಾಟಲಿ ಖಾಲಿ ಮಾಡಿದಳು. ನಾನು ಬಂದು ನೋಡಿದರೆ ಚೈನಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿದೆ. ಯಾಕಮ್ಮಾ ಇಷ್ಟು ಅಂದರೆ, ‘ಓವರ್ ಆಯ್ಲಿಂಗ್ ಅಂದ್ರೆ ಜಾಸ್ತಿ ಎಣ್ಣೆ ಹಾಕೋದು ತಾನೇ ಅಪ್ಪಾ, ಗೋಡೆ ಮೇಲೇ ಬರೆದಿದೆಯಲ್ಲ’ ಅಂದಳು.

ಅವಳದೇನೂ ತಪ್ಪಿಲ್ಲ. ಬರೆದಿರುವುದನ್ನು ಬಿಡಿಸಿ ಓದಿದರೆ ಬರುವ ಅರ್ಥ ಅದೇ.

ಒಂದು ವಾರಕ್ಕೆ ಚೈನು ಕರ್ರಗಾಯಿತು. ಯೂನಿಫಾರ್ಮಿನ ಬಲಗಾಲಿನ ಅಂಚಿಗೆಲ್ಲ ಕಪ್ಪು ಗೆರೆ, ಎಷ್ಟು ಸೋಪು ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಶಾಪಿಗೆ ತಗೊಂಡು ಹೋದೆವು. ಅಲ್ಲಿನ ಅಜ್ಜ ಚೈನನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆದರು, ಬೆರಳಿಗೆ ಹತ್ತಿದ ಕಪ್ಪನ್ನು ಮಗಳ ಬೆರಳಿಗೂ ಸ್ವಲ್ಪ ಹಚ್ಚಿದರು. ‘ತಿಕ್ಕಿ ನೋಡವ್ವಾ. ಎಣ್ಣಿ ಆದ್ರ ಜಾರತೈತಿ. ಇದು ಕರಕರ ಅಂತೈತಿ. ಎಣ್ಣಿ ಅಲ್ಲ ಇದು, ಕಿಟ್ಟ.’

ನಾನೂ ತಿಕ್ಕಿ ನೋಡಿದೆ. ನಿಜವಾಗಿ ಕರಕರ ಅನ್ನುತ್ತದೆ. ನುಣ್ಣನೆಯ ಮರಳನ್ನು ಎಣ್ಣೆಯಲ್ಲಿ ಕಲಸಿದ ಹಾಗೆ.

ಮೊದಲು ಓವರಾಯ್ಲಿಂಗ್ ವಿಚಾರ. ಇದು ಇಂಗ್ಲಿಷಿನ ಓವರ್‌ಹಾಲ್ ಅನ್ನುವ ಮಾತು, ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಹಾಲ್ ಅಂದರೆ ಎಳೆಯುವುದು. ಮೊದಲು ಹಡಗಿನವರು ಬಳಸುತ್ತಿದ್ದ ಮಾತಂತೆ. ರಾಟೆಗೆ ಹಾಕಿದ ಹಗ್ಗವನ್ನು ಎಳೆದು ಸಡಿಲ ಮಾಡುವುದಕ್ಕೆ ಹಾಗನ್ನುತ್ತಿದ್ದರು. ಅದೇ ಮುಂದೆ ಬಿಚ್ಚಿ ಪೂರ್ತಿ ಪರೀಕ್ಷೆ ಮಾಡುವುದು, ಕೆಟ್ಟಿದ್ದನ್ನು ಸರಿ ಮಾಡಿ ಜೋಡಿಸುವುದು ಎಂಬ ಅರ್ಥಕ್ಕೆ ಬಂತು. ನಮ್ಮ ಬಾಯಲ್ಲಿ ಹಕಾರ ಬಿದ್ದುಹೋಗಿ ಓವರಾಲಿಂಗ್ ಆಗಿದೆ, ಸೈಕಲ್ ಶಾಪು ಅಂದಮೇಲೆ ಎಣ್ಣೆ ಇದ್ದೇ ಇರುತ್ತದಲ್ಲ, ಹಾಗಾಗಿ ಆಯಿಲ್ ಬಂದು ಸೇರಿಕೊಂಡಿದೆ. ಗೊತ್ತಿಲ್ಲದ ಮಾತಿನೊಳಗೆ ಗೊತ್ತಿರುವ ಮಾತನ್ನು ಕೇಳಿಸಿಕೊಳ್ಳುವುದು ಎಲ್ಲ ಭಾಷೆಯಲ್ಲೂ ಆಗುವುದೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಇಲ್ಲಿ ತಪ್ಪಾಗಿ ಕೇಳಿಸಿಕೊಂಡ ಮಾತು ಕೈಯಿಂದ ತಪ್ಪು ಕೆಲಸ ಮಾಡಿಸುತ್ತಿದೆ. ನನ್ನ ಚಿಂತೆ ಅದು.

ಯಾಕೆಂದರೆ ಆ ಅಜ್ಜ ಮಾಡುವ ಕೆಲಸದಲ್ಲಿ ಎಣ್ಣೆಯ ಪಾಲು ತೀರಾ ಕಡಿಮೆ. ಎರಡೂ ಗಾಲಿ ಬಿಚ್ಚುತ್ತಾರೆ. ಹಬ್ಬಿನ ಒಳಗಿನ ಬಾಲ್ಸ್, ಅಂದರೆ ಬೇರಿಂಗಿನ ಸಣ್ಣ ಗುಂಡುಗಳನ್ನು ತೆಗೆದು ಹಳೆ ಸ್ಟೀಲ್ ತಟ್ಟೆಗೆ ಹಾಕುತ್ತಾರೆ. ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಒಂದೊಂದು ಪಕ್ಕಕ್ಕೆ ಕಾಲು ಇಂಚಿನವು 9 ಇರುತ್ತವೆ. ಒಂದು ಕಳೆದುಹೋದರೂ ಗೊತ್ತಾಗಬೇಕು ಅಂತ ಎಣಿಸಿಯೇ ಹಾಕುವುದು. ಸೀಮೆಎಣ್ಣೆಯಲ್ಲಿ ತೊಳೆಯುತ್ತಾರೆ, ಈಗ ರೇಷನ್ನಿನ ಸೀಮೆಎಣ್ಣೆ ಸಿಗುವುದು ಕಷ್ಟ, ಹಾಗಾಗಿ ಡೀಸೆಲ್. ಒರೆಸಿ, ಹೊಸ ಗ್ರೀಸ್ ತುಂಬಿ, ಬಾಲ್ಸ್ ಕೂರಿಸಿ, ಅವನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡಿ, ಗಾಲಿ ತಿರುಗಿಸಿ ಕಿವಿಗೊಟ್ಟು ಕೇಳುತ್ತಾರೆ. ಎಣ್ಣೆ ಬರುವುದು ಕೊನೆಗೆ, ಹನಿ ಲೆಕ್ಕದಲ್ಲಿ. ಇಷ್ಟು ಕೆಲಸಕ್ಕೆ ‘ಜಾಸ್ತಿ ಎಣ್ಣೆ’ ಅಂತ ಹೆಸರಿಟ್ಟಿದ್ದೇವೆ. ಅಜ್ಜನನ್ನೇ ಕೇಳಿದೆ, ಕನ್ನಡದಲ್ಲಿ ಏನಂತೀರಿ ಇದಕ್ಕೆ ಅಂತ. ‘ಬಿಚ್ಚಿ ಹಸನ ಮಾಡೋದು’ ಅಂದರು. ನಮ್ಮ ಕಡೆ ಅಕ್ಕಿಯನ್ನೂ ಹಸನು ಮಾಡುತ್ತಾರೆ, ಹೊಲವನ್ನೂ ಹಸನು ಮಾಡುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಹೊಲದಲ್ಲಿ ಕಳೆ ಕಸ ತೆಗೆದು ಬಿತ್ತನೆಗೆ ಅಣಿ ಮಾಡುವುದು. ಅಂದರೆ ಹಸನು ಅನ್ನುವುದರಲ್ಲಿ ಕೊಳೆ ತೆಗೆಯುವುದೂ ಇದೆ, ಬಳಕೆಗೆ ಸಿದ್ಧ ಮಾಡುವುದೂ ಇದೆ. ನನಗಂತೂ ಈ ಮಾತು ತುಂಬಾ ಹಿಡಿಸಿತು.

ಇನ್ನು ಕಿಟ್ಟ. ನಮ್ಮ ಮನೆಯಲ್ಲಿ ಅಮ್ಮ ದೀಪದ ಬತ್ತಿಯ ತುದಿ ಸುಟ್ಟು ಕರಿ ಕಟ್ಟಿದರೆ ಕಿಟ್ಟ ತೆಗಿ ಅನ್ನುತ್ತಿದ್ದರು. ನಾನು ಈ ಮಾತು ಬರೀ ದೀಪಕ್ಕೆ ಅಂದುಕೊಂಡಿದ್ದೆ. ಕಬ್ಬಿಣದ ತುಕ್ಕು, ಕಬ್ಬಿಣ ಕಾಯಿಸಿದಾಗ ಬರುವ ಕಸ, ಇವಕ್ಕೂ ಕಿಟ್ಟ ಅನ್ನುತ್ತಾರೆ. ಸಂಸ್ಕೃತದಲ್ಲೂ ಈ ಪದವಿದೆ, ಆಯುರ್ವೇದದವರು ಮಂಡೂರ ಭಸ್ಮ ಮಾಡುವುದು ಹಳೆಯ ಲೋಹಕಿಟ್ಟದಿಂದಲೇ.

ಇಲ್ಲಿ ನನ್ನ ಹೆಂಡತಿ ಒಪ್ಪುವುದಿಲ್ಲ. ಅವಳ ತವರು ಚಳ್ಳಕೆರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಅಂದರೆ ಶೇಂಗಾ ಎಣ್ಣೆ ಮಿಲ್ಲುಗಳ ಊರು ಅಂತ ನಿಮಗೆ ಗೊತ್ತೇ ಇದೆ. ಎಣ್ಣೆ ಡಬ್ಬಿಯ ತಳದಲ್ಲಿ ಕೂರುವ ಗಟ್ಟಿಗೆ ಅವರು ಮಡ್ಡಿ ಅನ್ನುತ್ತಾರೆ, ಚೈನಿನ ಮೇಲಿನ ಕಪ್ಪಿಗೂ ಅದೇ ಮಾತು. ‘ಚೈನಿಗೆ ಮಡ್ಡಿ ಕಟ್ಟೈತಿ.’ ಅವಳ ಚಿಕ್ಕಪ್ಪ ಹಿಂದೆ ಸೈಕಲ್ ಚೈನಿಗೂ ಮನೆಯ ಶೇಂಗಾ ಎಣ್ಣೆಯನ್ನೇ ಹಾಕುತ್ತಿದ್ದರಂತೆ, ಎಲ್ಲೆಲ್ಲೂ ಎಣ್ಣೆಯೇ ಇರುವಾಗ ಇನ್ನೇನು ಹಾಕುತ್ತಾರೆ. ಸ್ವಲ್ಪ ದಿನಕ್ಕೆ ಅದು ಅಂಟಂಟಾಗಿ ಗೋಂದಿನ ಹಾಗೆ ಹಿಡಿದುಕೊಳ್ಳುತ್ತಿತ್ತು. ಅಡುಗೆ ಎಣ್ಣೆ ಗಾಳಿಗೆ ಹಾಗೇ ಆಗುವುದು. ಅಂಥದ್ದಕ್ಕೆ ಮಡ್ಡಿ ಸರಿಯಾದ ಮಾತು ಅಂತ ನಾನೂ ಒಪ್ಪುತ್ತೇನೆ.

ನಮ್ಮ ತಾತನ ಮಾತು ಬೇರೆ, ಕೀಲೆಣ್ಣೆ. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕಪ್ಪು ಎಣ್ಣೆ ಅದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುತ್ತಿದ್ದರು, ಗೊಟ್ಟದಲ್ಲಿ ತುಂಬಿ ಗಾಡಿಗೇ ನೇತುಹಾಕುತ್ತಿದ್ದರು. ಬಟ್ಟೆಗೆ ಚೈನಿನ ಕಪ್ಪು ಹತ್ತಿದರೆ ‘ಕೀಲೆಣ್ಣೆ ಬಡಕಂಡು ಬಂದೀಯಾ’ ಅನ್ನುತ್ತಿದ್ದರು. ಬಣ್ಣ ಒಂದೇ, ಕಲೆ ಹೋಗದಿರುವುದೂ ಒಂದೇ. ಆದರೆ ಕೀಲೆಣ್ಣೆ ನಾವೇ ಬೇಕು ಅಂತ ಹಾಕುವುದು, ಗಾಡಿಗೆ ಒಳ್ಳೆಯದು. ಚೈನಿನ ಕಪ್ಪು ತಾನಾಗಿ ಕಟ್ಟುವುದು, ಚೈನಿಗೆ ಕೆಟ್ಟದ್ದು. ಇನ್ನು ಜಿಡ್ಡು ಅನ್ನುವುದು ಬಾಣಲೆಗೂ ಸಲ್ಲುತ್ತದೆ, ತಲೆಕೂದಲಿಗೂ ಸಲ್ಲುತ್ತದೆ, ಅದರಲ್ಲಿ ಕರಕರ ಇಲ್ಲ.

ನಾನು ಕಿಟ್ಟದ ಕಡೆ. ಕಾರಣ ಹೇಳುತ್ತೇನೆ. ನಮ್ಮ ಕಡೆ ಎರೆ ಭೂಮಿಯೂ ಇದೆ, ಕೆಂಪು ಮಣ್ಣೂ ಇದೆ. ಚಿತ್ರದುರ್ಗದ ಕಡೆ ಕೆಂಪು ಮಣ್ಣಿನ ದಾರಿಯಲ್ಲಿ ಒಂದು ದಿನ ಓಡಾಡಿ ಬಂದೆ. ಮಡ್‌ಗಾರ್ಡು ಕೆಂಪು, ರಿಮ್ಮು ಕೆಂಪು, ಚಪ್ಪಲಿ ಕೆಂಪು, ಚೈನು ಮಾತ್ರ ಕಪ್ಪು! ಬರೀ ಧೂಳೇ ಆಗಿದ್ದರೆ ಅದೂ ಕೆಂಪಗಿರಬೇಕಿತ್ತು, ಅಲ್ವಾ? ಆ ಕಪ್ಪಿನಲ್ಲಿ ಚೈನೇ ಸವೆದು ಉದುರಿದ ಕಬ್ಬಿಣದ ಪುಡಿ ಇರುತ್ತದೆ. ಮೇಲೆ ಉಳಿದ ಎಣ್ಣೆ ಧೂಳನ್ನು ಹಿಡಿಯುತ್ತದೆ, ಧೂಳು ಎಣ್ಣೆಯ ಜೊತೆ ಸೇರಿ ಅರೆಯುವ ಕಲ್ಲಿನ ಹಾಗೆ ಪಿನ್ನನ್ನು ತೇಯುತ್ತದೆ, ತೇಯ್ದ ಪುಡಿ ಮತ್ತೆ ಅದಕ್ಕೇ ಸೇರುತ್ತದೆ. ಕಬ್ಬಿಣದಿಂದಲೇ ಹುಟ್ಟಿದ ಕೊಳೆಗೆ ಕಿಟ್ಟ ಅಂತ ಆ ಅಜ್ಜ ಸುಮ್ನೆ ಅಂದಿದ್ದಲ್ಲ. ತೇಯ್ದಿದ್ದನ್ನು ಸ್ಕೇಲಿನಲ್ಲಿ ಅಳೆಯಲೂಬಹುದು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ತೋರಿಸಿತು ಅಂದರೆ ಚೈನು ಬದಲಿಸುವ ಹೊತ್ತು ಬಂದಿದೆ. ನನ್ನ ಹಳೆ ಚೈನು ಅದನ್ನೂ ದಾಟಿತ್ತು, ಬೆರಳಲ್ಲಿ ಹಿಡಿದು ಅಡ್ಡಕ್ಕೆ ಬಾಗಿಸಿದರೆ ಹಾವಿನ ಹಾಗೆ ಬಳುಕುತ್ತಿತ್ತು.

ಈಗ ಮಗಳೂ ನಾನೂ ವಾರಕ್ಕೊಮ್ಮೆ ಮಾಡುವುದು ಇಷ್ಟು. ಚೈನನ್ನು ಒಣ ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುವುದು, ಕಪ್ಪು ಬರುವುದು ಕಡಿಮೆಯಾಗುವ ತನಕ. ಆಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ. ಅರ್ಧ ಗಂಟೆ ಬಿಟ್ಟು ಹೊರಗಿನ ಎಣ್ಣೆಯನ್ನು ಒರೆಸಿ ತೆಗೆಯುವುದು. ಎಣ್ಣೆ ಬೇಕಾಗಿರುವುದು ಒಳಗಿನ ಪಿನ್ನಿಗೆ, ಹೊರಗಿನ ಪಟ್ಟಿಗೆ ಅಲ್ಲ. ಮಳೆಯಲ್ಲಿ ನೆಂದು ಬಂದ ದಿನ ಮಾತ್ರ ವಾರ ಕಾಯುವುದಿಲ್ಲ, ಅವತ್ತೇ ಒರೆಸುತ್ತೇವೆ.

ಇದನ್ನು ಮಾಡುತ್ತಾ ಇನ್ನೊಂದು ಮಾತು ಹೊಳೆಯಿತು: ಬಳಿ. ಗೋಡೆಗೆ ಸುಣ್ಣ ಬಳಿಯುತ್ತೇವೆ. ತಟ್ಟೆಯಲ್ಲಿ ಉಳಿದಿದ್ದನ್ನು ಬಳಿದು ತಿನ್ನುತ್ತೇವೆ, ಕೊಟ್ಟಿಗೆಯಲ್ಲಿ ಸಗಣಿ ಬಳಿದು ಹಾಕುತ್ತೇವೆ. ಹಚ್ಚುವುದೂ ಬಳಿಯುವುದೇ, ಹಚ್ಚಿದ್ದನ್ನು ಒಟ್ಟು ಮಾಡಿ ತೆಗೆಯುವುದೂ ಬಳಿಯುವುದೇ. ಚೈನಿಗೆ ಮಾಡುವ ಕೆಲಸವೂ ಇದೇ ಅಲ್ವಾ? ಎಣ್ಣೆ ಬಳಿ, ಆಮೇಲೆ ಬಳಿದು ತೆಗಿ. ಮಗಳಿಗೆ ಹಾಗೆ ಹೇಳಿಕೊಟ್ಟೆ, ಎರಡನೇ ಸಲ ಹೇಳಬೇಕಾಗಲಿಲ್ಲ.

‘ಕ್ಲೀನ್ ಮಾಡು’ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರೆ ಇದೆಲ್ಲ ಕಳೆದುಹೋಗುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ಬಂದರೆ ಸೀಟಿನ ಮೇಲೆ ಮಸಿ ಕೂತಿರುತ್ತದೆ. ಅದನ್ನು ಕೊಡವಬೇಕು, ಒದ್ದೆ ಬಟ್ಟೆ ಇಟ್ಟರೆ ಮೆತ್ತಿಕೊಳ್ಳುತ್ತದೆ. ಎರೆ ಮಣ್ಣಿನ ಕೆಸರು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಗಟ್ಟಿಯಾಗಿ ಗಾಲಿ ತಿರುಗದ ಹಾಗೆ ಹಿಡಿಯುತ್ತದೆ, ಅದನ್ನು ಕಡ್ಡಿಯಲ್ಲಿ ಕೆರೆದೇ ತೆಗೆಯಬೇಕು. ರಿಮ್ಮನ್ನು ಉಜ್ಜುತ್ತೇವೆ. ಫ್ರೇಮನ್ನು ತೊಳೆಯುತ್ತೇವೆ. ಹಬ್ಬಿಗೆ ನೀರು ಬಿಡಲೇಬಾರದು. ಇಲ್ಲಿ ಇನ್ನೊಂದು ಮಾತು ಅಡ್ಡ ಬರುತ್ತದೆ, ‘ವಾಟರ್ ಸರ್ವಿಸ್’. ಬೈಕಿನವರು ಜೋರು ನೀರು ಹೊಡೆಸುವುದಕ್ಕೆ ಹಾಗನ್ನುತ್ತಾರೆ. ಸರ್ವಿಸ್ ಅಂದಮೇಲೆ ಒಳ್ಳೆಯದೇ ಅಂತ ಹೋದ ವರ್ಷ ನನ್ನ ಸೈಕಲ್ಲಿಗೂ ಹೊಡೆಸಿದೆ. ನೀರು ಹಬ್ಬಿನ ಒಳಗೆ ಹೋಗಿ ಗ್ರೀಸ್ ಕೊಚ್ಚಿಕೊಂಡು ಬಂತು. ಬಿಚ್ಚಿದಾಗ ಬಾಲ್ಸೆಲ್ಲ ತುಕ್ಕು ಹಿಡಿದಿದ್ದವು.

ಒರೆಸುವ ಬಟ್ಟೆಗೆ ನಮ್ಮ ಶಾಪುಗಳಲ್ಲಿ ‘ವೇಸ್ಟು’ ಅನ್ನುತ್ತಾರೆ. ‘ಅಣ್ಣಾ, ಸ್ವಲ್ಪ ವೇಸ್ಟ್ ಕೊಡಿ.’ ಕಾಟನ್ ವೇಸ್ಟ್, ಅಂದರೆ ಮಿಲ್ಲಿನಲ್ಲಿ ಉಳಿದ ಸಿಕ್ಕು ನೂಲು. ದಾವಣಗೆರೆಯಂಥ ಹತ್ತಿ ಮಿಲ್ಲುಗಳ ಊರಲ್ಲಿ ಇದಕ್ಕೆ ಬರ ಇರಲಿಲ್ಲ. ಆ ಮಿಲ್ಲುಗಳು ಎಷ್ಟೋ ಮುಚ್ಚಿದವು, ಮಾತು ಉಳಿದಿದೆ. ಈಗ ಬನಿಯನ್ ಬಟ್ಟೆಯ ಚೂರು ಕೊಟ್ಟರೂ ಹೆಸರು ವೇಸ್ಟೇ.

ಹಾಗಾಗಿ ನಿಮ್ಮನ್ನು ಕೇಳುವುದು ಇಷ್ಟು. ಓವರ್‌ಹಾಲಿಂಗಿಗೆ ನಿಮ್ಮೂರಿನ ಸೈಕಲ್ ಶಾಪುಗಳಲ್ಲಿ ಅಥವಾ ಗಾಡಿ ಕೆಲಸದವರ ಹತ್ತಿರ ಕನ್ನಡದ ಮಾತು ಇದೆಯೇ? ಬಿಚ್ಚಿ ಹಸನು ಮಾಡುವುದು ಅನ್ನುವುದನ್ನು ಈ ಅರ್ಥದಲ್ಲಿ ಬೇರೆ ಕಡೆಯೂ ಕೇಳಿದ್ದೀರಾ? ಚೈನಿನ ಕಪ್ಪಿಗೆ ಕಿಟ್ಟವೋ, ಮಡ್ಡಿಯೋ, ಕೀಲೆಣ್ಣೆಯೋ, ಅಥವಾ ನಾನು ಕೇಳದ ಇನ್ನೊಂದೋ? ಹರಿಹರ ದಾಟಿ ಉತ್ತರಕ್ಕೆ ಹೋದಂತೆ ಸೀಮೆಎಣ್ಣೆ ಚಿಮಣಿ ಎಣ್ಣೆ ಆಗುತ್ತದೆ, ಹಾಗೆಯೇ ಇದಕ್ಕೂ ಊರು ಬದಲಾದಂತೆ ಮಾತು ಬದಲಾಗುತ್ತಿರಬೇಕು. ಕರಾವಳಿಯವರು, ಮಲೆನಾಡಿನವರು ದಯವಿಟ್ಟು ಬರೆಯಿರಿ. ವರ್ಷದಲ್ಲಿ ಅಷ್ಟು ತಿಂಗಳು ಮಳೆಯಲ್ಲಿ ಸೈಕಲ್ ಓಡಿಸುವವರ ಹತ್ತಿರ ಮಾತು ಜಾಸ್ತಿಯೇ ಇರುತ್ತವೆ. ಯಾವ ಊರು, ಯಾರ ಬಾಯಲ್ಲಿ ಕೇಳಿದ್ದು, ಯಾವ ವಾಕ್ಯದಲ್ಲಿ ಅಂತ ಸೇರಿಸಿ ಬರೆದರೆ ಒಳ್ಳೆಯದು.

ಅಜ್ಜನ ಶಾಪಿನ ಗೋಡೆಗೆ ದಸರೆ ಹೊತ್ತಿಗೆ ಹೊಸದಾಗಿ ಪೇಂಟ್ ಮಾಡಿಸುತ್ತಾರಂತೆ. ಬೋರ್ಡಿಗೆ ಏನು ಬರೆಸಲಿ ಅಂತ ಮಗಳನ್ನು ಕೇಳಿದ್ದಾರೆ. ಅವಳು ನನ್ನನ್ನು ಕೇಳಿದ್ದಾಳೆ. ಆಯುಧಪೂಜೆಗೆ ಮೊದಲು ಉತ್ತರ ಬಂದರೆ ಉಪಕಾರವಾಗುತ್ತದೆ.