ಪ್ರೆಸ್ಸಿನ ಅಟ್ಟದ ಮೇಲೆ ಹಳೇ 486, ಒಳಗೆ ಕನ್ನಡದ ಜಿಸ್ಟ್ ಕಾರ್ಡು: ಕೊಳ್ಳುವ ಮೊದಲು ಏನು ನೋಡಬೇಕು?

ನವನಗರದ ಹುಡುಗ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ ರೀ. ಹಳೇ ಕಂಪ್ಯೂಟರ್ ಕೂಡಿಡುವ ಹುಚ್ಚು ನನಗೆ ಇತ್ತೀಚೆಗೆ ಹತ್ತಿದೆ. ಮನೆಯಲ್ಲಿ ಒಂದು ಪೆಂಟಿಯಂ ಥ್ರೀ ಇದೆ, ಚೆನ್ನಾಗಿ ನಡೆಯುತ್ತದೆ. ಅದಕ್ಕಿಂತ ಹಳೆಯದನ್ನು ಇನ್ನೂ ಮುಟ್ಟಿಲ್ಲ.

ಬೆಳಗಾವಿ ಶಹಾಪುರದಲ್ಲಿ ನಮ್ಮ ಸೋದರಮಾವನ ಪರಿಚಯದವರ ಪ್ರಿಂಟಿಂಗ್ ಪ್ರೆಸ್ ಇದೆ. ಅಂಗಡಿ ಖಾಲಿ ಮಾಡುತ್ತಿದ್ದಾರೆ. ಅಟ್ಟದ ಮೇಲೆ ಒಂದು 486 (ಪೆಂಟಿಯಂಗಿಂತ ಹಿಂದಿನ ಪ್ರೊಸೆಸರ್ ಇರುವ ಕಂಪ್ಯೂಟರ್) ಸಿಕ್ಕಿದೆ. ಜೊತೆಗೆ ಕಪ್ಪು ಬಿಳುಪು ಮಾನಿಟರ್, ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಒಂದು ಡಬ್ಬಿ ತುಂಬ ಫ್ಲಾಪಿ. ಕೀಬೋರ್ಡಿನ ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದಾರೆ. ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಒಳಗೆ ಒಂದು ಉದ್ದನೆಯ ಕಾರ್ಡು ಇದೆ. ಅದರ ಮೇಲೆ ಜಿಸ್ಟ್ ಅಂತಲೂ ಸಿ-ಡ್ಯಾಕ್ ಅಂತಲೂ ಅಚ್ಚಾಗಿದೆ.

ಎಲ್ಲ ಸೇರಿ ನಾಲ್ಕು ಸಾವಿರ ಕೇಳುತ್ತಿದ್ದಾರೆ. ಗುಜರಿಯವರು ಆಗಲೇ ಬಂದು ಮದರ್‌ಬೋರ್ಡು, ಪ್ರೊಸೆಸರ್ ಮಾತ್ರ ಕೊಡಿ ಅಂತ ಕೇಳಿ ಹೋಗಿದ್ದಾರಂತೆ. ಈ ವಾರದಲ್ಲೇ ಹೇಳಬೇಕು.

ನಾಲ್ಕು ಸಾವಿರ ಜಾಸ್ತಿ ಆಯ್ತಾ? ಅಲ್ಲೇ ಪ್ಲಗ್ ಹಾಕಿ ಚಾಲೂ ಮಾಡಿ ನೋಡಿದರೆ ನಡೆಯುತ್ತಾ? ಮಾನಿಟರನ್ನು ಬಸ್ಸಿನಲ್ಲಿ ತರಬಹುದಾ?

ಗುಮ್ಮಟದೂರು (ವಿಜಯಪುರ)

ನಾಲ್ಕು ಸಾವಿರ ಜಾಸ್ತಿನೇ. ಕಾರ್ಡು, ಕೀಬೋರ್ಡು ತಗೊಂಡು ಉಳಿದಿದ್ದನ್ನು ಬಿಟ್ಟುಬಿಡಿ. 486 ಬೇರೆ ಕಡೆ ಸಿಗುತ್ತದೆ. ಮಾನಿಟರ್ ಅಂತೂ ಹೊತ್ತು ತರುವುದೇ ದೊಡ್ಡ ಕೆಲಸ.

ಉದ್ಯಮಬಾಗ ರಿಪೇರಿ (ಬೆಳಗಾವಿ)

ತಮ್ಮಾ, ಮೊದಲು ಒಂದು ಮಾತು. ಪ್ಲಗ್ ಹಾಕಬೇಡ. ಅಂಗಡಿಯವರು ಪ್ರೀತಿಯಿಂದ ಹಚ್ಚಿ ತೋರಿಸುತ್ತೇವೆ ಅಂದರೂ ಬೇಡ ಅನ್ನು. ವರ್ಷಗಟ್ಟಲೆ ಅಟ್ಟದ ಮೇಲೆ ಕೂತ ಯಂತ್ರ ಅದು. ಬೆಳಗಾವಿಯ ಮಳೆಗಾಲ ಎಷ್ಟೋ ಕಂಡಿದೆ. ಕರೆಂಟು ಕೊಟ್ಟ ಮೊದಲ ಕ್ಷಣದಲ್ಲೇ ಹಾಳಾಗುವ ಭಾಗಗಳು ಅದರಲ್ಲಿ ಬೇಕಾದಷ್ಟಿವೆ.

ನಾನು ತೊಂಬತ್ತರ ದಶಕದಿಂದ ಇಲ್ಲೇ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಬಂದವನು. ಈಗ ಹೆಚ್ಚಾಗಿ ಕಾರ್ಖಾನೆಗಳ ಹಳೇ ಬೋರ್ಡುಗಳದ್ದೇ ಕೆಲಸ. ಐಎಸ್ಎ ಸ್ಲಾಟ್ (ಹಳೇ ಕಾಲದ ಕಾರ್ಡು ಸಿಕ್ಕಿಸುವ ಜಾಗ) ಇರುವ ಬೋರ್ಡು ಹುಡುಕಿಕೊಂಡು ಜನ ಇವತ್ತಿಗೂ ಬರುತ್ತಾರೆ. ಅವರ ಮಷೀನಿನ ಕಂಟ್ರೋಲ್ ಕಾರ್ಡು ಅದರಲ್ಲಿ ಮಾತ್ರ ಕೂರುತ್ತದೆ. ಅದಕ್ಕೇ ಹೇಳುತ್ತೇನೆ, ನಡೆಯುವ 486 ಬೋರ್ಡಿಗೆ ಬೆಲೆ ಇದೆ. ನಾಲ್ಕು ಸಾವಿರ ನನ್ನ ಕಣ್ಣಿಗೆ ಜಾಸ್ತಿ ಅನ್ನಿಸುವುದಿಲ್ಲ. ಚೌಕಾಶಿ ಮಾಡು, ಆದರೆ ಕೈಬಿಡಬೇಡ.

ಕಾರ್ಡು ಮಾತ್ರ ತಗೊಳ್ಳಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜಿಸ್ಟ್ ಕಾರ್ಡು ಒಂಟಿಯಾಗಿ ಏನೂ ಮಾಡುವುದಿಲ್ಲ. ಡಾಸ್ ಕಾಲದಲ್ಲಿ ಪರದೆಯ ಟೆಕ್ಸ್ಟ್ ಮೋಡಿನಲ್ಲಿ 256 ಚಿಹ್ನೆಗಳಿಗೆ ಮಾತ್ರ ಜಾಗ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಅಷ್ಟರಲ್ಲಿ ಹಿಡಿಯುವುದಿಲ್ಲ. ಅಕ್ಷರ ಕೂಡಿಸಿ ಪರದೆಯ ಮೇಲೆ ಮೂಡಿಸುವ ಕೆಲಸವನ್ನು ಈ ಕಾರ್ಡು ತಾನೇ ಮಾಡುತ್ತಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್ ಅನ್ನುವ ಸರಕಾರಿ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ತಂತ್ರಜ್ಞಾನ ಅದು. ಅದು ನಡೆಯಲು ಬೇಕಾದ ತಂತ್ರಾಂಶ ಆ ಹಾರ್ಡ್ ಡಿಸ್ಕಿನಲ್ಲೋ, ಆ ಡಬ್ಬಿಯ ಫ್ಲಾಪಿಗಳಲ್ಲೋ ಇರುತ್ತದೆ. ಕಾರ್ಡು ನಿನ್ನ ಹತ್ತಿರ, ಡಿಸ್ಕು ಗುಜರಿಯಲ್ಲಿ ಅಂದರೆ ಎರಡೂ ಸತ್ತ ಹಾಗೆ. ಇಡೀ ಸೆಟ್ ತಗೋ. ಕೇಬಲ್, ಕೈಪಿಡಿ, ಕೀಬೋರ್ಡಿನ ಮೇಲಿನ ಆ ಸ್ಟಿಕ್ಕರ್ ಸಮೇತ.

ಗುಜರಿಯವರು ಬೋರ್ಡು, ಪ್ರೊಸೆಸರ್ ಮಾತ್ರ ಕೇಳಿದ್ದು ಯಾಕೆ ಗೊತ್ತಾ? 386, 486ರ ಸೆರಾಮಿಕ್ ಪ್ರೊಸೆಸರ್‌ನಲ್ಲಿ ಚಿನ್ನ ಇರುತ್ತದೆ. ಪಿನ್ನುಗಳಿಗೆ ಚಿನ್ನದ ಲೇಪ, ಒಳಗೂ ಸ್ವಲ್ಪ. ಆಸಿಡ್ಡಿನಲ್ಲಿ ಅದ್ದಿ ತೆಗೆಯುತ್ತಾರೆ. ಆ ಹೊಗೆ ಕುಡಿಯುವ ಹುಡುಗರ ಪಾಡು ಬೇರೆ. ನಮ್ಮ ಭಾಗದಲ್ಲಿ ಕನ್ನಡ ಕಂಪ್ಯೂಟರಿನ ಮೊದಲ ದಿನಗಳ ಯಂತ್ರಗಳು ಹೀಗೇ ಕಿಲೋ ಲೆಕ್ಕದಲ್ಲಿ ಹೋಗಿಬಿಟ್ಟವು. ನನಗೆ ಈ ಸಂಗತಿ ತುಂಬಾ ನೋವು ಕೊಡುತ್ತದೆ.

ಈಗ ನೋಡುವ ಕೆಲಸ. ಒಂದು ಬ್ಯಾಟರಿ ಹಾಕಿದ ಟಾರ್ಚು, ಒಂದು ಸ್ಕ್ರೂಡ್ರೈವರ್ ಸಾಕು. ಮುಚ್ಚಳ ತೆಗೆದು ಕೀಬೋರ್ಡಿನ ದುಂಡನೆಯ ಸಾಕೆಟ್ ಹತ್ತಿರ ಬೆಳಕು ಬಿಡು. ಅಲ್ಲಿ ಹೆಚ್ಚಾಗಿ ಬೆರಳ ತುದಿಯಷ್ಟು ದಪ್ಪದ, ಉರುಟಾದ ಒಂದು ಬ್ಯಾಟರಿ ಇರುತ್ತದೆ. ನೀಲಿ ಬಣ್ಣದ್ದು ಜಾಸ್ತಿ. ಮೈಮೇಲೆ 3.6 ವೋಲ್ಟ್ ಅಂತ ಬರೆದಿರುತ್ತದೆ. 486 ಬೋರ್ಡಿನ ಶತ್ರು ಅದೇ. ಒಳಗಿನ ಕ್ಷಾರ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ತುದಿಯಲ್ಲಿ ಬಿಳಿ ಪುಡಿ ಕಂಡರೆ ಸೋರಲು ಶುರುವಾಗಿದೆ. ಸುತ್ತ ಹಸಿರು, ನೀಲಿ ಕಿಲುಬು ಹಬ್ಬಿದ್ದರೆ ಗೆರೆಗಳಿಗೆ ಪೆಟ್ಟು ಬಿದ್ದಿದೆ. ಬೆಸುಗೆ ಕಪ್ಪಾಗಿದೆಯಾ ನೋಡು. ಕೀಬೋರ್ಡ್ ಕಂಟ್ರೋಲರ್ ಅನ್ನುವ ನಲವತ್ತು ಕಾಲಿನ ಚಿಪ್ಪಿನ ಕೆಳಗೂ ಇಣುಕಿ ನೋಡು, ದ್ರವ ಹರಿದುಹೋಗಿ ಅಲ್ಲೇ ಕೂರುತ್ತದೆ. ಐಎಸ್ಎ ಸ್ಲಾಟಿನ ಬಾಯಲ್ಲಿ ಪಿನ್ನುಗಳು ಹಸಿರಾಗಿದ್ದರೆ ಆ ಸ್ಲಾಟಿಗೆ ಜಿಸ್ಟ್ ಕಾರ್ಡು ಹಾಕಬೇಡ.

ಕಿಲುಬು ಬ್ಯಾಟರಿ ಸುತ್ತ ಮಾತ್ರ ಇದ್ದರೆ ಧೈರ್ಯವಾಗಿ ತಗೋ. ಮನೆಗೆ ಬಂದ ದಿನವೇ ಕಟರಿನಿಂದ ಆ ಬ್ಯಾಟರಿ ಕತ್ತರಿಸಿ ತೆಗೆ. ಹಳೇ ಟೂತ್‌ಬ್ರಷ್ಷಿಗೆ ಬಿಳಿ ವಿನೆಗರ್ ಹಚ್ಚಿ ತಿಕ್ಕು. ಕ್ಷಾರಕ್ಕೆ ಹುಳಿಯೇ ಮದ್ದು. ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್. ನಿಮ್ಮ ಬಾಗಲಕೋಟೆ ಬಿಸಿಲಿಗೆ ಬೇಗ ಒಣಗುತ್ತದೆ, ಆದರೂ ಒಂದು ದಿನ ಹಾಗೇ ಬಿಡು. ಮಲ್ಟಿಮೀಟರಿನ ಬೀಪ್ ಮೋಡಿನಲ್ಲಿ ಒಂದೊಂದೇ ಗೆರೆ ಮುಟ್ಟಿ ನೋಡು. ಆ ಜಾಗಕ್ಕೆ ಸಿಆರ್2032 ಬಿಲ್ಲೆಯನ್ನು ಸುಮ್ನೆ ಬೆಸೆಯಬೇಡ. ಹಳೆಯದು ಚಾರ್ಜ್ ಆಗುವ ಬ್ಯಾಟರಿ, ಬಿಲ್ಲೆ ಚಾರ್ಜ್ ಆಗುವಂಥದ್ದಲ್ಲ. ಬೋರ್ಡು ಅದಕ್ಕೂ ಕರೆಂಟು ಕೊಡಲು ಹೋಗುತ್ತದೆ. ಒಂದು ಡಯೋಡ್ ಹಾಕಲೇಬೇಕು.

ಎಸ್ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ ಡಬ್ಬಿ) ಹಿಂದೆ ಕೆಂಪು ಸ್ವಿಚ್ ಇದ್ದರೆ ಅದು 230ಕ್ಕೆ ಇದೆಯಾ ನೋಡು. 115ರಲ್ಲಿ ಇಟ್ಟು ನಮ್ಮ ಕರೆಂಟು ಕೊಟ್ಟರೆ ಢಂ ಅನ್ನುತ್ತದೆ. ಇನ್ನೊಂದು ಅಪಾಯ ಹೊಸಬರಿಗೆ ಗೊತ್ತಿರುವುದಿಲ್ಲ. ಆ ಕಾಲದ ಎಟಿ ಕ್ಯಾಬಿನೆಟ್ಟಿನಲ್ಲಿ ಮುಂದಿನ ಪವರ್ ಬಟನ್‌ವರೆಗೆ ನೇರ 230 ವೋಲ್ಟ್ ಬರುತ್ತದೆ. ಪ್ಲಗ್ ಇರುವಾಗ ಅಲ್ಲಿ ಬೆರಳು ಹಾಕಬೇಡ. ಬೋರ್ಡಿಗೆ ಹೋಗುವ ಪವರ್ ಪ್ಲಗ್ ಎರಡು ಇರುತ್ತವೆ, ಪಿ8 ಮತ್ತು ಪಿ9. ಎರಡರ ಕಪ್ಪು ತಂತಿಗಳು ನಡುವೆ ಒಂದಕ್ಕೊಂದು ತಾಗಿ ಬರಬೇಕು. ಅದಲುಬದಲಾದರೆ ಬೋರ್ಡು ಹೋಯಿತು. ಮೊದಲು ಬೋರ್ಡಿಗೆ ಕೊಡದೆ, ಬೇಡವಾದ ಒಂದು ಹಳೇ ಹಾರ್ಡ್ ಡಿಸ್ಕನ್ನು ಲೋಡ್ ಆಗಿ ಹಚ್ಚಿ ಎಸ್ಎಂಪಿಎಸ್ ಅಳೆ. ಕೆಂಪು ತಂತಿಯಲ್ಲಿ 4.75ರಿಂದ 5.25 ಒಳಗೆ ಬರಬೇಕು, ಹಳದಿಯಲ್ಲಿ ಹತ್ತಿರಹತ್ತಿರ 12.

ಬಿಚ್ಚುವ ಮೊದಲು ಯಾವ ಕೇಬಲ್ ಯಾವ ಕಾರ್ಡಿಗೆ ಹೋಗಿದೆ ಅಂತ ಫೋಟೋ ತೆಗೆದುಕೋ. ಮಾನೋ ಅಂದರೆ ಒಂದೇ ಬಣ್ಣದ ಮಾನಿಟರಿಗೂ, ಸಿಜಿಎ ಅನ್ನುವ ಹಳೇ ಬಣ್ಣದ ಡಿಸ್‌ಪ್ಲೇ ಕಾರ್ಡಿಗೂ ಒಂಬತ್ತು ಪಿನ್ನಿನ ಸಾಕೆಟ್ ನೋಡಲು ಒಂದೇ ಥರ. ತಪ್ಪಿ ಹಚ್ಚಿದರೆ ಮಾನಿಟರ್ ಸುಡಬಹುದು.

ಬಸ್ಸಿನಲ್ಲಿ ತರಬಹುದು. ಮಾನಿಟರಿನ ಭಾರವೆಲ್ಲ ಮುಂದಿನ ಗಾಜಿನಲ್ಲಿ ಇರುತ್ತದೆ. ದಪ್ಪ ಕೌದಿ ಹಾಸಿ, ಗಾಜು ಕೆಳಗೆ ಮಾಡಿ ಇಡು. ಹಿಂದಿನ ಕುತ್ತಿಗೆಗೆ ಏನೂ ತಾಗಬಾರದು. ಅದರ ಮುಚ್ಚಳವನ್ನು ಮಾತ್ರ ಬಿಚ್ಚಬೇಡ. ಒಳಗೆ ಸಾವಿರಾರು ವೋಲ್ಟ್, ಆಫ್ ಮಾಡಿದ ಮೇಲೂ ಉಳಿದಿರುತ್ತದೆ.

ಡಿಟಿಪಿ ಅಕ್ಕ (ವಿಜಯಪುರ)

ಜಿಸ್ಟ್ ಕಾರ್ಡು ಅಂತ ಓದಿ ತುಂಬಾ ಖುಷಿಯಾಯ್ತು. ಸ್ಟೇಷನ್ ರಸ್ತೆಯ ಒಂದು ಅಂಗಡಿಯಲ್ಲಿ ನಾನು ಅದರ ಮೇಲೇ ಟೈಪಿಂಗ್ ಕಲಿತೆ. ಡಿಬೇಸ್ ಅನ್ನುವ ಡೇಟಾಬೇಸ್ ಪ್ರೋಗ್ರಾಮಿನಲ್ಲಿ ಕನ್ನಡ ಹೆಸರು, ವಿಳಾಸ ಹೊಡೆದು ಪಟ್ಟಿ ಮಾಡುತ್ತಿದ್ದೆವು. ಕಾರ್ಡು ಡಾಸ್‌ನ ಕೆಳಗೇ ಕೂತು ಕೆಲಸ ಮಾಡುತ್ತಿತ್ತು. ಅದಕ್ಕೇ ಇಂಗ್ಲಿಷಿಗೆ ಮಾಡಿದ ಪ್ರೋಗ್ರಾಮಿನಲ್ಲೂ ಕನ್ನಡ ಬರುತ್ತಿತ್ತು.

ತಮ್ಮಾ, ಆ ಹಾರ್ಡ್ ಡಿಸ್ಕಿನ ಬಗ್ಗೆ ಒಂದು ವಿಷಯ ಹೇಳುತ್ತೇನೆ. ಅದರಲ್ಲಿರುವ ಕನ್ನಡ ಇಸ್ಕಿ ಅನ್ನುವ, ಭಾರತೀಯ ಲಿಪಿಗಳಿಗೆ ಮಾಡಿದ ಸಂಕೇತದಲ್ಲಿ ಇರುತ್ತದೆ. ಅದು 1991ರಲ್ಲಿ ಭಾರತೀಯ ಮಾನಕವಾಯಿತು. ಯುನಿಕೋಡ್‌ನ ಕನ್ನಡ ವಿಭಾಗವನ್ನೂ ಇಸ್ಕಿ ನೋಡಿಯೇ ಜೋಡಿಸಿದ್ದು. ಹಾಗಾಗಿ ಇಸ್ಕಿ ಫೈಲನ್ನು ಯುನಿಕೋಡ್‌ಗೆ ತರುವುದು ಕಷ್ಟವಲ್ಲ. ಆಮೇಲೆ ವಿಂಡೋಸ್ ಕಾಲದಲ್ಲಿ ನಾವು ಫಾಂಟಿಗೆ ತಕ್ಕಂತೆ ಹೊಡೆದ ಫೈಲುಗಳೇ ಈಗ ಜಾಸ್ತಿ ತೊಂದರೆ ಕೊಡುತ್ತಿವೆ. ಫಾಂಟು ಬದಲಾದರೆ ಅಕ್ಷರವೇ ಬದಲು.

ಪ್ರೆಸ್ಸಿನವರಿಗೆ ಕೇಳಿ, ಪ್ರಿಂಟರ್ ಪೋರ್ಟಿಗೆ ಚುಚ್ಚುವ ಬೆಂಕಿಪೊಟ್ಟಣದಷ್ಟು ಗಾತ್ರದ ಡಾಂಗಲ್ ಏನಾದರೂ ಇದೆಯಾ ಅಂತ. ಆ ಕಾಲದ ಡಿಟಿಪಿ ತಂತ್ರಾಂಶಗಳಲ್ಲಿ ಎಷ್ಟೋ ಅದಿಲ್ಲದೆ ತೆರೆಯುವುದೇ ಇಲ್ಲ. ಅದು ಟೇಬಲ್ಲಿನ ಡ್ರಾದಲ್ಲಿ ಕ್ಲಿಪ್ಪು, ರಬ್ಬರ್ ಬ್ಯಾಂಡಿನ ನಡುವೆ ಬಿದ್ದಿರುತ್ತದೆ. ಅಟ್ಟದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಫ್ಲಾಪಿಗಳನ್ನು ನೇರ ಡ್ರೈವಿಗೆ ಹಾಕಬೇಡಿ. ಲೋಹದ ಬಾಗಿಲು ಸರಿಸಿ ಒಳಗಿನ ತಟ್ಟೆ ನೋಡಿ. ಬೆಳಗಾವಿ ಕಡೆಯವಕ್ಕೆ ಬೂಸ್ಟು ಹಿಡಿದಿರುತ್ತದೆ. ಹಾಗೇ ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಫ್ಲಾಪಿಯೂ ಕೆಡುತ್ತದೆ. ನಮ್ಮ ವಿಜಯಪುರದಲ್ಲಿ ಬೂಸ್ಟು ಕಡಿಮೆ, ಧೂಳು ಜಾಸ್ತಿ.

ಗುಮ್ಮಟದೂರು (ವಿಜಯಪುರ)

ಅಕ್ಕಾರ ಮಾತು, ಬೆಳಗಾವಿಯವರ ಮಾತು ಓದಿದ ಮೇಲೆ ಇಡೀ ಸೆಟ್ ತಗೊಳ್ಳುವುದೇ ಸರಿ ಅನ್ನಿಸುತ್ತಿದೆ. ಇದೇ ಥರ 1984ರ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟ ಬಿಬಿಸಿ ಮೈಕ್ರೋ ಕಂಪ್ಯೂಟರ್ ಎಲ್ಲಾದರೂ ಉಳಿದಿರಬಹುದಾ? ನಾನು ಬಹಳ ದಿನದಿಂದ ಹುಡುಕುತ್ತಿದ್ದೇನೆ.

ಉದ್ಯಮಬಾಗ ರಿಪೇರಿ (ಬೆಳಗಾವಿ)

ಶಾಲೆಯ ಸ್ಟೋರ್ ರೂಮಿನಲ್ಲಿ ಇರಬಹುದು. ಆದರೆ ಸರಕಾರಿ ಸಾಮಾನು ಹಾಗೆ ಕೈಯಿಂದ ಕೈಗೆ ಬರಬಾರದು. ಕಂಡಮ್ ಮಾಡಿ ಹರಾಜಿಗೆ ಬಂದಾಗ ರಸೀದಿ ಸಮೇತ ತಗೊಳ್ಳಿ. ಸಿಕ್ಕರೆ ಅದರ ಪವರ್ ಸಪ್ಲೈ ಒಳಗಿನ ಹಳದಿ ಪಾರದರ್ಶಕ ಕೆಪಾಸಿಟರ್ ಬದಲಿಸದೆ ಹಚ್ಚಬೇಡಿ. ಮೈ ಬಿರುಕು ಬಿಟ್ಟಿರುತ್ತದೆ, ತೇವ ಹೀರಿರುತ್ತದೆ, ಕರೆಂಟು ಕೊಟ್ಟರೆ ಕೋಣೆ ತುಂಬ ಹೊಗೆ.

ನವನಗರದ ಹುಡುಗ (ಬಾಗಲಕೋಟೆ)

ಅಣ್ಣಾ, ಅಕ್ಕಾ, ಇಡೀ ಸೆಟ್ ತಂದೆ. ಮೂರೂವರೆ ಸಾವಿರಕ್ಕೆ ಕೊಟ್ಟರು. ಡಾಂಗಲ್ ನಿಜಕ್ಕೂ ಡ್ರಾದಲ್ಲೇ ಇತ್ತು! ಡಿಸ್ಕಿನಲ್ಲಿ ಇರುವುದನ್ನು ಉಳಿಸಿಕೊಳ್ಳಲು ಪ್ರೆಸ್ಸಿನ ಯಜಮಾನರ ಒಪ್ಪಿಗೆಯನ್ನೂ ಕೇಳಿಕೊಂಡೆ.

ಬ್ಯಾಟರಿ ಸೋರಿತ್ತು. ಕತ್ತರಿಸಿ, ನೀವು ಹೇಳಿದ ಹಾಗೆ ತೊಳೆದೆ. ಎಸ್ಎಂಪಿಎಸ್ ಸರಿಯಾಗಿ ಅಳತೆ ಕೊಟ್ಟಿತು. ಜಿಸ್ಟ್ ಕಾರ್ಡು, ಡಿಸ್ಕು ತೆಗೆದಿಟ್ಟು ಬೋರ್ಡು ಮಾತ್ರ ಚಾಲೂ ಮಾಡಿದೆ. ಮೆಮೊರಿ ಎಣಿಸಿತು, ಆಮೇಲೆ ಕೀಬೋರ್ಡ್ ಎರರ್ ಅಂತ ನಿಂತಿತು. ಕೀಬೋರ್ಡಿನ ದೀಪವೂ ಹತ್ತುವುದಿಲ್ಲ. ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿಗೆ ಹಾಕಿ ಲ್ಯಾಪ್‌ಟಾಪಿನಲ್ಲಿ ಓದಬಹುದಾ?

ಉದ್ಯಮಬಾಗ ರಿಪೇರಿ (ಬೆಳಗಾವಿ)

ಮೆಮೊರಿ ಎಣಿಸಿತು ಅಂದರೆ ಬೋರ್ಡು ಬದುಕಿದೆ. ದೀಪವೇ ಹತ್ತುವುದಿಲ್ಲ ಅಂದರೆ ಕೀಬೋರ್ಡಿಗೆ 5 ವೋಲ್ಟ್ ಹೋಗುತ್ತಿಲ್ಲ. ದುಂಡನೆಯ ಸಾಕೆಟ್ ಪಕ್ಕದಲ್ಲಿ ರೆಸಿಸ್ಟರ್‌ನಂತೆ ಕಾಣುವ ಚಿಕ್ಕ ಫ್ಯೂಸ್ ಇರುತ್ತದೆ. ಎಫ್1 ಅಂತ ಬರೆದಿರಬಹುದು. ಪ್ಲಗ್ ತೆಗೆದು ಬೀಪ್ ನೋಡು. ಫ್ಯೂಸ್ ಸರಿ ಇದ್ದರೆ ಅಲ್ಲಿಂದ ಸಾಕೆಟ್ಟಿಗೆ ಹೋಗುವ ಗೆರೆಯನ್ನು ಕ್ಷಾರ ತಿಂದಿದೆ. ಸಣ್ಣ ತಂತಿ ಬೆಸೆದರೆ ಆಯ್ತು. ಕೀಬೋರ್ಡಿನ ಅಡಿಯಲ್ಲಿ ಎಕ್ಸ್‌ಟಿ, ಎಟಿ ಅಂತ ಸ್ವಿಚ್ ಇದ್ದರೆ ಎಟಿ ಕಡೆ ಇರಲಿ.

ಯುಎಸ್‌ಬಿ ಅಡಾಪ್ಟರ್ ಬೇಡ. ಆ ಕಾಲದ ಎಷ್ಟೋ ಡಿಸ್ಕುಗಳಿಗೆ ಎಲ್‌ಬಿಎ (ಡಿಸ್ಕಿನ ಜಾಗಗಳನ್ನು ಒಂದೇ ಸಾಲಿನ ಸಂಖ್ಯೆಯಿಂದ ಗುರುತಿಸುವ ವಿಧಾನ) ಗೊತ್ತಿಲ್ಲ, ಅಡಾಪ್ಟರಿಗೆ ಅದರ ಹೊರತು ಬೇರೆ ಗೊತ್ತಿಲ್ಲ. ನಿನ್ನ ಹತ್ತಿರ ಪೆಂಟಿಯಂ ಥ್ರೀ ಇದೆಯಲ್ಲ, ಅದರ ಐಡಿಇ ಕೇಬಲ್ಲಿಗೆ (ಹಾರ್ಡ್ ಡಿಸ್ಕಿನ ಅಗಲ ಪಟ್ಟಿಯ ಕೇಬಲ್) ಹಚ್ಚು. ಹಳೇ ಲಿನಕ್ಸ್ ಸಿಡಿಯಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮ್ ಹಾಕಿ ಇಡೀ ಡಿಸ್ಕಿನ ಪ್ರತಿ ತೆಗೆ. ಡಿಸ್ಕು ಎಷ್ಟು ಹೊತ್ತು ತಿರುಗುತ್ತದೋ ಹೇಳಲಾಗದು, ಅದಕ್ಕೆ ಫೈಲು ಹುಡುಕುತ್ತಾ ಕೂರಬೇಡ. ಪ್ರತಿ ಎರಡು ಕಡೆ ಇಟ್ಟುಕೊಂಡ ಮೇಲೆ, ಅದನ್ನು ಒಂದು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿಗೆ ಇಳಿಸಿ 486ಕ್ಕೆ ಹಾಕು. 486ರ ಬಯಾಸ್ (ಬೋರ್ಡಿನಲ್ಲೇ ಇರುವ ಆರಂಭದ ಪ್ರೋಗ್ರಾಮ್) 504 ಎಂಬಿಗಿಂತ ಮೇಲೆ ನೋಡದೆ ಇರಬಹುದು, ಆದರೆ ಆ ಡಿಸ್ಕು ಅಷ್ಟು ದೊಡ್ಡದು ಇರಲಿಕ್ಕಿಲ್ಲ. ಹೆಡ್, ಸೆಕ್ಟರ್ ಲೆಕ್ಕ ಡಿಸ್ಕಿನ ಮೇಲಿನ ಚೀಟಿಯಲ್ಲಿ ಇರುತ್ತದೆ, ಬರೆದಿಟ್ಟುಕೋ.

ಜಿಸ್ಟ್ ಕಾರ್ಡು ಕೊನೆಗೆ. ಹಾಕುವ ಮೊದಲು ಅದರ ಚಿನ್ನದ ತುದಿಯನ್ನು ಆಲ್ಕೋಹಾಲಿನಲ್ಲಿ ಒರೆಸು, ಮತ್ತೆ ಮೇಲಿರುವ ಜಂಪರುಗಳ (ಪಿನ್ನುಗಳನ್ನು ಜೋಡಿಸುವ ಚಿಕ್ಕ ಟೋಪಿ) ಫೋಟೋ ಇಲ್ಲಿ ಹಾಕು.

ಡಿಟಿಪಿ ಅಕ್ಕ (ವಿಜಯಪುರ)

ಪ್ರತಿ ತೆಗೆದಾದ ಮೇಲೆ ಒಂದೆರಡು ಫೈಲು ಕಳಿಸು ತಮ್ಮಾ. ಜನರ ಹೆಸರು, ವಿಳಾಸ ಇರುವುದು ಬೇಡ, ಬೇರೆ ಯಾವುದಾದರೂ ಸರಿ. ಇಸ್ಕಿಯಿಂದ ಯುನಿಕೋಡ್‌ಗೆ ನಾನು ಮಾಡಿ ಕೊಡುತ್ತೇನೆ.