ಬಿಟ್ಟು ಹೋದ ಮೇಲೂ ಬಿಡದ ಗುಂಗು: ಮನೋವೈದ್ಯರನ್ನು ಕೇಳಿ

ಪ್ರಶ್ನೆ (ಹೆಸರು ಬೇಡ): ಡಾಕ್ಟ್ರೇ, ಹುಡುಗಿ ಬೇಡ ಅಂದು ಎರಡು ತಿಂಗಳಾಯ್ತು. ಜೊತೆಗಿದ್ದಾಗಿಗಿಂತ ಈಗಲೇ ಜಾಸ್ತಿ ಕಾಡ್ತಾಳೆ. ರಾತ್ರಿ ಎದ್ದೆದ್ದು ವಾಟ್ಸಾಪ್‌ನಲ್ಲಿ ಅವಳ ಡಿಪಿ, ಲಾಸ್ಟ್ ಸೀನ್ ನೋಡ್ತೀನಿ. "ಎಲ್ಲಾ ಬರೀ ಕೆಮಿಕಲ್ ಕಣೋ, ತಲೆ ಕೆಡಿಸ್ಕೋಬೇಡ" ಅಂತಾರೆ ಫ್ರೆಂಡ್ಸ್. ಕೆಮಿಕಲ್ಲೇ ಆದ್ರೆ ಮಾತ್ರೆನೂ ಇರಬೇಕಲ್ವಾ?

ಉತ್ತರ: ಕೆಮಿಕಲ್ ಹೌದು. ಹಸಿವೂ ಕೆಮಿಕಲ್ಲೇ. ಹಾಗಂತ ತಲೆ ಕೆಡಿಸ್ಕೋಬೇಡ ಅಂದ್ರೆ ಹೊಟ್ಟೆ ಕೇಳುತ್ತಾ?

2005ರಲ್ಲಿ ಅಮೆರಿಕದ ಹೆಲೆನ್ ಫಿಶರ್, ಆರ್ಥರ್ ಆರನ್, ಲೂಸಿ ಬ್ರೌನ್ ತಂಡ ಪ್ರೀತಿಯಲ್ಲಿ ಮುಳುಗಿದ್ದ 17 ಜನರನ್ನು ಎಂಆರ್‌ಐ ಸ್ಕ್ಯಾನರ್‌ನಲ್ಲಿ ಮಲಗಿಸಿ, ಅವರವರ ಪ್ರೇಮಿಯ ಫೋಟೋ ತೋರಿಸಿತು. ಚುರುಕಾದದ್ದು ಮಿದುಳಿನಲ್ಲಿ ಡೋಪಮೈನ್ ಎಂಬ ಕೆಮಿಕಲ್ ತಯಾರಾಗುವ ವಿಟಿಎ ಎಂಬ ಪುಟ್ಟ ಜಾಗ. "ಬೇಕು, ಬೇಕು" ಅಂತ ನಮ್ಮನ್ನು ಅಟ್ಟುವ ಜಾಗ ಅದು. 2010ರಲ್ಲಿ ಇದೇ ಗುಂಪು ನಿಮ್ಮ ಥರದ 15 ಜನರನ್ನು ಪರೀಕ್ಷಿಸಿತು; ಸಂಬಂಧ ಮುರಿದು ಸರಾಸರಿ 63 ದಿನ ಆಗಿತ್ತು. ವಿಟಿಎ ತಣ್ಣಗಾಗಿರಲೇ ಇಲ್ಲ! ಕೊಕೇನ್ ಚಟದವರಿಗೆ ತಲುಬು ಹತ್ತಿದಾಗ ಏಳುವ ಭಾಗಗಳೂ ಜೊತೆಗೆ ಎದ್ದಿದ್ದವು. ಆದ್ದರಿಂದ ಈಗ ಜಾಸ್ತಿ ಕಾಡೋದು ನಿಮ್ಮ ದೌರ್ಬಲ್ಯ ಅಲ್ಲ.

ಆದರೆ ಆ ಲಾಸ್ಟ್ ಸೀನ್ ಇದೆಯಲ್ಲ, ನನಗೆ ಚಿಂತೆ ಅದರದ್ದೇ. ಸಿಗುತ್ತೋ ಇಲ್ಲವೋ ಅನ್ನೋ ಅನುಮಾನ ಇದ್ದಾಗ ಡೋಪಮೈನ್ ನರಕೋಶಗಳು ಹೆಚ್ಚು ಹೊತ್ತು ಮಿಡಿಯುತ್ತವೆ ಅನ್ನೋದು ಮಂಗಗಳ ಪ್ರಯೋಗದಲ್ಲಿ ಕಂಡಿದೆ. ಆನ್‌ಲೈನ್ ಇದ್ದಾಳಾ, ಇಲ್ವಾ? ನೀವು ರಾತ್ರಿಯಿಡೀ ಕೊಡ್ತಿರೋದು ಅದೇ ಮೇವು. ಅವಳ ನಂಬರ್ ಡಿಲೀಟ್ ಮಾಡಿ.

ಮರೆಸೋ ಮಾತ್ರೆ ಇಲ್ಲ. ಊಟ, ನಿದ್ದೆ ಕೆಟ್ಟಿದ್ದರೆ ಹತ್ತಿರದ ವೈದ್ಯರನ್ನು ಕಾಣಿ. ಸಾಯೋ ಯೋಚನೆ ಬಂದರಂತೂ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು: ನಂಬರ್ ಡಿಲೀಟ್ ಮಾಡಿ ಏನು ಪ್ರಯೋಜನ ಸರ್, ಬಾಯಿಪಾಠ ಇದೆ.

ಉತ್ತರ: ನಂಬರ್ ಬಾಯಿಪಾಠ ಇರಲಿ, ಹೊಸ ಡಿಪಿ ಬಾಯಿಪಾಠ ಆಗಲ್ಲವಲ್ಲ. ಮೊದಲು ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ದಿನ ಕಳೆದಂತೆ ಹಗುರಾಗಬಹುದು: ಅದೇ 15 ಜನರಲ್ಲಿ, ಸಂಬಂಧ ಮುರಿದು ಹೆಚ್ಚು ದಿನ ಆದವರಲ್ಲಿ ಒಲವಿನ ಅಂಟಿಗೆ ಸಂಬಂಧಿಸಿದ ಮಿದುಳಿನ ಒಂದು ಭಾಗದ ಚಟುವಟಿಕೆ ಕಡಿಮೆ ಇತ್ತು.

ಗ್ರೂಪ್‌ನ ಇನ್ನೊಬ್ಬ ಸದಸ್ಯೆ: ಮದುವೆಯಾಗಿ 20 ವರ್ಷ ಆಯ್ತು ಡಾಕ್ಟ್ರೇ, ನಮ್ಮನೆಯವರ ಡೋಪಮೈನ್ ಎಲ್ಲಿ ಹೋಯ್ತು? 😄

ಉತ್ತರ: ಇನ್ನೊಂದು ಸ್ಕ್ಯಾನ್ ಅಧ್ಯಯನದಲ್ಲಿ, ಮದುವೆಯಾಗಿ ಸರಾಸರಿ 21 ವರ್ಷ ಕಳೆದ ಬೇರೆ 17 ಜನರಲ್ಲೂ ವಿಟಿಎ ಹೊಸ ಪ್ರೇಮಿಗಳ ಹಾಗೇ ಚುರುಕಾಗಿತ್ತು ಮೇಡಂ. ಆದರೆ ಸಂಗಾತಿ ಮೇಲೆ ಇನ್ನೂ ಗಾಢ ಪ್ರೀತಿ ಇದೆ ಅಂದವರನ್ನೇ ಸಂಶೋಧಕರು ಆರಿಸಿಕೊಂಡಿದ್ದರು. ನಿಮ್ಮನೆಯವರನ್ನು ಅವರು ಕೇಳಿಲ್ಲ.